ಮಡಿಯಲ್ಲಿ ಮುಟ್ಟದ ಪ್ಲಗ್ಗು

ನಮ್ಮತ್ತೆಯವರಿಗೆ ಮಂಗಳವಾರ, ಗುರುವಾರ, ಶನಿವಾರ ಡಯಾಲಿಸಿಸ್. ಬೆಳಿಗ್ಗೆ ಏಳಕ್ಕೆ ಸರಿಯಾಗಿ ಹಾಸಿಗೆಯ ಮೇಲಿರಬೇಕು. ಅರ್ಧ ಗಂಟೆ ತಡವಾದರೆ ಆ ಯಂತ್ರಕ್ಕೆ ಬೇರೆಯವರನ್ನು ಹಾಕುತ್ತಾರೆ. ಆಸ್ಪತ್ರೆಯವರನ್ನು ದೂರುವ ಹಾಗಿಲ್ಲ, ಹೊರಗೆ ಕಾದು ಕೂತವರ ಮುಖ ನೋಡಿದರೆ ಗೊತ್ತಾಗುತ್ತದೆ. ತ್ರಿಪ್ಲಿಕೇನ್‌ನ ನಮ್ಮ ಮನೆಯಿಂದ ಗಿಂಡಿಯ ಆ ಆಸ್ಪತ್ರೆಗೆ ಒಂಬತ್ತು ಕಿಲೋಮೀಟರ್. ಅತ್ತೆಯವರನ್ನು ಕರೆದುಕೊಂಡು ಹೋಗಿ ಬರುವ ಕೆಲಸ ನನ್ನದು. ನಮ್ಮವರಿಗೆ ರಾಯಪುರದಲ್ಲಿ, ಬಂದರಿನ ಹತ್ತಿರದ ಆಫೀಸು. ಐದೂವರೆಗೇ ಮನೆ ಬಿಡುತ್ತಾರೆ.

ಈ ಕೆಲಸಕ್ಕಾಗಿಯೇ ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ಕಾರು ಓಡಿಸಲು ಕಲಿತೆ. ಕಾರು ಕೊಳ್ಳುವ ಮೊದಲು ಮನೆಯಲ್ಲಿ ಒಂದು ತಿಂಗಳು ವಾದ ನಡೆಯಿತು. ನಮ್ಮವರಿಗೆ ಗ್ಯಾಸ್ ಕಾರು ಬೇಕಿತ್ತು. ಇಂಜಿನಿಯರಿಂಗ್ ಓದುವ ಮಗಳು ಕರೆಂಟಿನ ಕಾರೇ ಆಗಬೇಕು ಎಂದು ಹಟ ಹಿಡಿದಳು. ಅಪ್ಪ ಕನ್ನಡದಲ್ಲಿ ಕೇಳುತ್ತಿದ್ದರು, ಅವಳು ತಮಿಳಿನಲ್ಲಿ ಉತ್ತರ ಕೊಡುತ್ತಿದ್ದಳು. ನಮ್ಮ ಮನೆಯಲ್ಲಿ ಅದು ಹಾಗೆಯೇ. ಹೊಗೆ ಇಲ್ಲದ ಗಾಡಿ ಎಂದು ಅವಳು ಹೇಳಿದರೆ ಅವರು, "ಕರೆಂಟು ಮಾಡಕ್ಕೆ ಹಡಗಲ್ಲಿ ಎಷ್ಟು ಕಲ್ಲಿದ್ದಲು ಬರತ್ತೆ ಅಂತ ಆಫೀಸಲ್ಲಿ ನಾನು ದಿನಾ ಲೆಕ್ಕ ನೋಡ್ತೀನಿ. ಹೊಗೆ ನಮ್ಮ ಬೀದಿ ಬಿಟ್ಟು ಬೇರೆಯವರ ಬೀದಿಗೆ ಹೋಗತ್ತೆ, ಅಷ್ಟೆ" ಎನ್ನುತ್ತಿದ್ದರು. ಇಬ್ಬರ ಮಾತೂ ನನಗೆ ಸರಿ ಎನಿಸುತ್ತಿತ್ತು. ಕೊನೆಗೆ ತೀರ್ಮಾನ ಮಾಡಿದ್ದು ಅತ್ತೆಯವರ ಹೊಟ್ಟೆ. ಡಯಾಲಿಸಿಸ್ ಮುಗಿಸಿ ಬರುವಾಗ ಪೆಟ್ರೋಲ್ ವಾಸನೆ, ಗಾಡಿಯ ನಡುಕ ಎರಡೂ ಅವರಿಗೆ ಆಗುತ್ತಿರಲಿಲ್ಲ, ಪ್ರತಿಸಲ ವಾಂತಿ. ಮಗಳು ಯಾರದೋ ಕರೆಂಟಿನ ಕಾರಿನಲ್ಲಿ ಅಜ್ಜಿಯನ್ನು ಒಂದು ಸುತ್ತು ಕೂರಿಸಿಕೊಂಡು ಬಂದಳು. ಅತ್ತೆ ಅದರಲ್ಲಿ ನಿದ್ದೆ ಮಾಡಿಬಿಟ್ಟರು. ಹಳೆಯದೊಂದು ಕರೆಂಟಿನ ಕಾರು ಮನೆಗೆ ಬಂತು.

ಗೇರಿಲ್ಲ, ಕ್ಲಚ್ಚಿಲ್ಲ. ನನ್ನಂಥವಳಿಗೆ ಅದು ದೇವರು ಮಾಡಿದ ಮೊದಲ ಉಪಕಾರ. ಎರಡನೆಯದು, ಬೆಳಗಿನ ಜಾವ ಹೊರಟರೂ ಬೀದಿಯಲ್ಲಿ ಯಾರನ್ನೂ ಎಬ್ಬಿಸದ ಅದರ ಮೌನ. ತೊಂದರೆ ಇದ್ದದ್ದು ಚಾರ್ಜಿನಲ್ಲಿ. ನಮ್ಮದು ಹಳೆಯ ಫ್ಲಾಟು. ಸಂಜೆಯಾದರೆ ಎಲ್ಲ ಮನೆಯಲ್ಲೂ ಎ.ಸಿ. ಹಾಕುತ್ತಾರೆ, ಆಗ ಕಾರಿಗೂ ಹಾಕಿದರೆ ಕಟ್ಟಡದ ಕೇಬಲ್ ತಡೆಯುವುದಿಲ್ಲ ಎಂದು ಸಂಘದವರು ಹಗಲು ಹತ್ತರಿಂದ ಐದರವರೆಗೆ ಮಾತ್ರ ಅನುಮತಿ ಕೊಟ್ಟಿದ್ದರು. ಐದಕ್ಕೆ ವಾಚ್‌ಮನ್ ಬಂದು ಕೆಳಗಿನ ಪ್ಲಗ್ಗಿನ ಪೆಟ್ಟಿಗೆಗೆ ಬೀಗ ಹಾಕುತ್ತಾನೆ. ವೈರು ನಮ್ಮ ಮನೆಯ ಬೋರ್ಡಿನಿಂದಲೇ ಇಳಿದಿದೆ. ಚಾರ್ಜರ್‌ನಲ್ಲಿ ಒಂದು ಸಣ್ಣ ದೀಪ. ಹಸಿರಾದರೆ ಚಾರ್ಜ್ ಆಗುತ್ತಿದೆ ಎಂದರ್ಥ. ನಡುವೆ ಕರೆಂಟು ಹೋಗಿ ಬಂದರೆ ಅದು ಕೆಂಪಾಗಿ ನಿಂತುಬಿಡುತ್ತದೆ. ಆಗ ಪ್ಲಗ್ಗನ್ನು ಕಿತ್ತು, ಸ್ವಲ್ಪ ಹೊತ್ತು ಬಿಟ್ಟು, ಮತ್ತೆ ಚುಚ್ಚಬೇಕು. ವಾಚ್‌ಮನ್‌ಗೆ ಶಾಕಿನ ಭಯ, ಅವನು ಅದನ್ನು ಮುಟ್ಟುವವನಲ್ಲ. ಕಾರಿನ ಖಾತೆ ಇನ್ನೂ ಮೊದಲಿನ ಮಾಲೀಕರ ಹೆಸರಿನಲ್ಲೇ ಇದ್ದದ್ದರಿಂದ ಫೋನಿನಲ್ಲಿ ಅದರ ಲೆಕ್ಕ ನೋಡುವ ಏರ್ಪಾಡೂ ಇರಲಿಲ್ಲ. ಗಾಡಿಯೊಳಗೆ ಕೂತು ಮುಂದಿನ ಪರದೆಯಲ್ಲೇ ನೋಡಬೇಕು. ಇಷ್ಟೆಲ್ಲ ಯಾಕೆ ಹೇಳುತ್ತಿದ್ದೇನೆ ಎಂದರೆ, ಆ ವಾರ ನಡೆದದ್ದಕ್ಕೆ ಕಾರಿನಲ್ಲಿ ಯಾವ ದೋಷವೂ ಇರಲಿಲ್ಲ ಎನ್ನುವುದು ಮೊದಲೇ ಗೊತ್ತಾಗಲಿ ಎಂದು.

ಆ ಭಾನುವಾರ ಕಂಚಿಗೆ ಹೋಗಿ ಬಂದೆವು. ಸೋಮವಾರ, ಮಂಗಳವಾರ ಎರಡು ದಿನವೂ ರಿಪೇರಿಗೆಂದು ಇಡೀ ಹಗಲು ಬೀದಿಗೇ ಕರೆಂಟು ನಿಲ್ಲಿಸಿದರು. ಮಂಗಳವಾರ ಉಳಿದಿದ್ದರಲ್ಲೇ ಆಸ್ಪತ್ರೆಗೆ ಹೋಗಿ ಬಂದೆ. ಚಾರ್ಜ್ ತಳಕ್ಕೆ ಇಳಿದಿತ್ತು. ಬುಧವಾರ ಪೂರ್ತಿ ಹಾಕುವುದೆಂದು ಮಾತಾಯಿತು. ಬುಧವಾರ ಮಾವನವರ ಶ್ರಾದ್ಧ.

ನಮ್ಮ ಮನೆಯಲ್ಲಿ ಶ್ರಾದ್ಧದ ಅಡಿಗೆಯನ್ನು ಹೊರಗಿನವರ ಕೈಯಲ್ಲಿ ಮಾಡಿಸುವುದಿಲ್ಲ. ಬೆಳಿಗ್ಗೆ ಐದಕ್ಕೆ ತಲೆಗೆ ಸ್ನಾನ ಮಾಡಿ ಮಡಿಸೀರೆ ಉಟ್ಟರೆ ಬ್ರಾಹ್ಮಣರ ಊಟ ಮುಗಿಯುವವರೆಗೆ ಏನನ್ನೂ, ಯಾರನ್ನೂ ಮುಟ್ಟುವ ಹಾಗಿಲ್ಲ. ಮುಟ್ಟಿದರೆ ಮತ್ತೆ ಸ್ನಾನ. ಮೊದಲೆಲ್ಲ ಈ ಅಡಿಗೆ ಅತ್ತೆಯವರದು. ಕೈಗೆ ಸೂಜಿ, ಪಟ್ಟಿ, ಆಸ್ಪತ್ರೆ ಎಲ್ಲ ಶುರುವಾದ ಮೇಲೆ ಮಡಿ ತಮ್ಮಿಂದಾಗದು ಎಂದು ಅವರೇ ಬಿಟ್ಟರು. ಆ ದಿನ ಅವರು ಒಳಕೋಣೆಯ ಕುರ್ಚಿಯಲ್ಲಿ ಕೂತಿದ್ದರು. ಬಾಗಿಲಿಗೆ ಬಂದು ಎರಡು ಸಲ ಕೇಳಿದರು, "ಏನಾದ್ರೂ ಮಾಡ್ಲಾ?" ಎಂದು. ಎರಡು ಸಲವೂ ನಾನು ತಿರುಗಿ ನೋಡದೆ, "ನೀವು ಸುಮ್ನೆ ಕೂತಿರಿ ಅತ್ತೆ" ಎಂದೆ. ಒಲೆಯ ಮೇಲೆ ಪಾಯಸವಿತ್ತು.

ಹತ್ತಕ್ಕೆ ಮಗಳು ಕಾಲೇಜಿಗೆ ಹೊರಡುವ ಮುಂಚೆ ಕೆಳಗೆ ಪ್ಲಗ್ ಹಾಕಿ, ಮೇಲಕ್ಕೆ ನೋಡಿ ಹೆಬ್ಬೆರಳು ಎತ್ತಿ ತೋರಿಸಿ ಹೋದಳು. ಪುರೋಹಿತರು ಬಂದರು. ಸೆಕೆ ವಿಪರೀತವಾಗಿತ್ತು, ನಮ್ಮವರು ಹಾಲ್‌ನ ಎ.ಸಿ. ಹಾಕಿದರು. ನಾನು ಒಳಗೆ ವಡೆಗೆ ಉದ್ದಿನಬೇಳೆ ರುಬ್ಬಲು ಗ್ರೈಂಡರ್ ತಿರುಗಿಸಿದೆ. ಮೂರೂ ಸೇರಿ ಟಪ್ಪೆಂದು ಟ್ರಿಪ್ ಆಯಿತು. ನಮ್ಮವರು ಬೋರ್ಡಿನ ಸ್ವಿಚ್ಚನ್ನು ಮೇಲೆತ್ತಿ, ಎ.ಸಿ. ಆರಿಸಿ, ಮತ್ತೆ ಸ್ನಾನ ಮಾಡಿ ಬಂದು ಕೂತರು. ಗ್ರೈಂಡರ್ ತಿರುಗಿತು. ಬಾಳೆಲೆ ತೆಗೆದುಕೊಳ್ಳಲು ಅಡಿಗೆಮನೆಯ ಬಾಲ್ಕನಿಗೆ ಹೋದಾಗ ಕೆಳಗೆ ನೋಡಿದೆ. ಚಾರ್ಜರ್ ದೀಪ ಕೆಂಪಾಗಿತ್ತು. ಗಡಿಯಾರ ಹತ್ತೂವರೆ.

ನೋಡಲಿಲ್ಲ ಎಂದು ಹೇಳಲಾರೆ. ನೋಡಿದೆ, ಅದರ ಅರ್ಥವೂ ಗೊತ್ತಿತ್ತು. ಇಳಿದು ಹೋದರೆ ಚಪ್ಪಲಿಗಳ ನಡುವೆ ಹಾಯಬೇಕು, ಪ್ಲಗ್ ಮುಟ್ಟಬೇಕು, ಬಂದು ಮತ್ತೆ ತಲೆಗೆ ಸ್ನಾನ ಮಾಡಬೇಕು. ಅಷ್ಟು ಹೊತ್ತಿಗೆ ವಡೆ ಹಿಟ್ಟು ಹುಳಿಯುತ್ತದೆ, ಬ್ರಾಹ್ಮಣರು ಕಾಯುತ್ತಾರೆ. ಆಮೇಲೆ ನೋಡೋಣ ಎಂದುಕೊಂಡೆ. ಹನ್ನೆರಡಕ್ಕೆ ಮತ್ತೆ ಬಾಲ್ಕನಿಗೆ ಹೋದೆ, ಕೆಂಪು. ಎರಡಕ್ಕೆ ಕೈತೊಳೆಯುವ ನೀರು ಚೆಲ್ಲಲು ಹೋದೆ, ಕೆಂಪು. ಊಟ ಮುಗಿದು ಪುರೋಹಿತರು, ಈಚೆಗೆ ಇಷ್ಟು ಶುದ್ಧವಾದ ಅಡಿಗೆ ಎಲ್ಲೂ ಸಿಗುತ್ತಿಲ್ಲ ಎಂದು ನಮ್ಮವರಿಗೆ ಹೇಳಿದ್ದು ಕೇಳಿಸಿತು. ಹಿಗ್ಗಿದೆ. ನಾಲ್ಕಕ್ಕೆ ನಾನು ಉಂಡು ಎದ್ದಾಗ ಮಡಿ ಮುಗಿದಿತ್ತು. ಆಗಲಾದರೂ ಹದಿನಾಲ್ಕು ಮೆಟ್ಟಿಲು ಇಳಿದಿದ್ದರೆ ಇನ್ನೂ ಒಂದು ಗಂಟೆ ಸಿಗುತ್ತಿತ್ತು. ಐದು ನಿಮಿಷ ಬೆನ್ನು ನೆಲಕ್ಕೆ ತಾಗಿಸಿ ಏಳುತ್ತೇನೆ ಎಂದು ಮಲಗಿದೆ. ಎದ್ದಾಗ ದೀಪ ಹಚ್ಚುವ ಹೊತ್ತು. ಕೆಳಗಿನ ಪೆಟ್ಟಿಗೆಗೆ ಬೀಗ ಬಿದ್ದಿತ್ತು.

ಹತ್ತಿರದ ಪೆಟ್ರೋಲ್ ಬಂಕಿನಲ್ಲಿ ಚಾರ್ಜ್ ಹಾಕುವ ಕಂಬವೊಂದಿದೆ. ಅದು ಕೆಟ್ಟು ಎರಡು ವಾರವಾಗಿತ್ತು. ಸಂಘದ ಕಾರ್ಯದರ್ಶಿಯನ್ನು ಕೇಳಿ ಬೀಗ ತೆಗೆಸಬಹುದಿತ್ತು. ಬೆಳಿಗ್ಗೆಗೆ ಆಟೋ ಹೇಳಬಹುದಿತ್ತು. ಯಾವುದನ್ನು ಮಾಡಿದರೂ, ಇಡೀ ದಿನ ಕೆಂಪು ನೋಡಿಯೂ ಸುಮ್ಮನಿದ್ದೆ ಎಂದು ಮನೆಯಲ್ಲಿ ಹೇಳಬೇಕಾಗುತ್ತಿತ್ತು. ಹೊಗಳಿಸಿಕೊಂಡ ದಿನ ಅದನ್ನು ಹೇಳಲು ಬಾಯಿ ಬರಲಿಲ್ಲ. ಬೆಳಿಗ್ಗೆ ನಮ್ಮವರು ಹೊರಡುವಾಗ, "ಚಾರ್ಜ್ ಇದೆ ತಾನೆ?" ಎಂದು ಕೇಳಿದರು. ಇದೆ ಎಂದೆ. ಆರಕ್ಕೆ ಅತ್ತೆಯವರನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಕಾರು ಆನ್ ಮಾಡಿದಾಗ ಪರದೆಯಲ್ಲಿ ಎಂಟು ಪರ್ಸೆಂಟ್, ಹದಿನಾಲ್ಕು ಕಿಲೋಮೀಟರ್ ಎಂದು ತೋರಿಸಿತು. ದಾರಿ ಒಂಬತ್ತು. ದೇವರಿದ್ದಾನೆ ಎಂದುಕೊಂಡು ಹೊರಟೆ. ನನ್ನ ಸೋಮಾರಿತನವನ್ನು ದೇವರ ತಲೆಗೆ ಕಟ್ಟಿದೆ ಎಂದು ಈಗ ಅನಿಸುತ್ತದೆ.

ಎ.ಸಿ. ಹಾಕಲಿಲ್ಲ. ನಲವತ್ತರ ಮೇಲೆ ಓಡಿಸಲಿಲ್ಲ. ಬ್ರೇಕ್ ಒತ್ತುವ ಬದಲು ಕಾಲು ಸಡಿಲಿಸಿ ನಿಧಾನ ಮಾಡಿದರೆ ಚಾರ್ಜ್ ಸ್ವಲ್ಪ ವಾಪಸು ಬರುತ್ತದೆ ಎಂದು ಮಗಳು ಕಲಿಸಿದ್ದಳು, ಹಾಗೆಯೇ ಮಾಡಿದೆ. ಅರ್ಧ ದಾರಿಯವರೆಗೆ ಎಲ್ಲ ಸರಿಯಿತ್ತು. ಅಲ್ಲಿ ಮೆಟ್ರೋ ಕೆಲಸಕ್ಕೆಂದು ರಾತ್ರೋರಾತ್ರಿ ರಸ್ತೆ ಮುಚ್ಚಿ, ಗಾಡಿಗಳನ್ನು ಒಳಬೀದಿಗಳಿಗೆ ತಿರುಗಿಸಿದ್ದರು. ನಾಲ್ಕು ಕಿಲೋಮೀಟರ್ ಹೆಚ್ಚಾಯಿತು, ಅದರಲ್ಲಿ ಹತ್ತು ಅಡಿ ಹೋಗುವುದು, ನಿಲ್ಲುವುದು. ಎಂಟು ಆರಾಯಿತು, ನಾಲ್ಕಾಯಿತು. ಹಿಂದಿನಿಂದ ಅತ್ತೆ, "ಸೆಕೆ ಆಗ್ತಿದೆ ಕಣೆ, ಸ್ವಲ್ಪ ಗಾಳಿ ಹಾಕು" ಎಂದರು. ಕಿಟಕಿ ಇಳಿಸಿದೆ. ಸೈದಾಪೇಟೆಯ ಸೇತುವೆಗೆ ಮುಂಚೆ ಪರದೆಯಲ್ಲಿ ಆಮೆಯ ಚಿತ್ರ ಬಂತು. ಇನ್ನು ನಡೆದಷ್ಟೇ ವೇಗ ಎಂದು ಅದರ ಅರ್ಥ. ಪಕ್ಕಕ್ಕೆ ತಿರುಗಿಸಿಕೊಳ್ಳುವಷ್ಟು ಓಡಿ ನಿಂತಿತು. ನಡುರಸ್ತೆಯಲ್ಲಿ ನಿಲ್ಲಲಿಲ್ಲ, ಅದೊಂದು ಪುಣ್ಯ. ಆರೂ ಐವತ್ತು.

ಹಿಂದೆ ಹಾರ್ನ್ ಹೊಡೆಯುತ್ತಿದ್ದ ಆಟೋದವನೇ ಇಳಿದು ಬಂದ. ನಡುವಯಸ್ಸಿನವನು, ರಾಯಪುರದವನಂತೆ. ಅತ್ತೆಯವರ ಕೈಯಲ್ಲಿದ್ದ ಪಟ್ಟಿ ನೋಡಿದವನೇ ಬೇರೆ ಮಾತಾಡದೆ, "ಪಾಟಿಯೆ ಮೊದಲ್ಲೆ ಏತ್ತುಂಗ ಮಾ", ಅಜ್ಜಿಯನ್ನು ಮೊದಲು ಹತ್ತಿಸಿ ಎಂದು, ತಾನೇ ಅವರನ್ನು ಹಿಡಿದು ಆಟೋಗೆ ಹತ್ತಿಸಿದ. ಅವನ ಮುಂದೆಯೂ ನಾನು ಕಾರನ್ನೇ ಬೈದೆ, ಬ್ಯಾಟರಿ ಗಾಡಿಯನ್ನು ನಂಬುವ ಹಾಗಿಲ್ಲ ಎಂದು. ಅವನು ನಕ್ಕ. ತನ್ನದು ಗ್ಯಾಸ್ ಆಟೋ, ಬಂಕಿನ ಸಾಲಿನಲ್ಲಿ ದಿನಕ್ಕೊಂದು ಗಂಟೆ ನಿಲ್ಲಬೇಕು, ಒಂದು ದಿನ ನಿಲ್ಲದೆ ಬಂದರೆ ಮಾರನೆಯ ದಿನ ತಾನೂ ಹೀಗೇ ತಳ್ಳುತ್ತೇನೆ ಎಂದ. ಅವನು ಸುಮ್ಮನೆ ಹೇಳಿದ್ದು. ನನಗೆ ಕೆನ್ನೆಗೆ ಬಿದ್ದ ಹಾಗಾಯಿತು.

ಆ ಸಾಲಿನಲ್ಲೇ ಆಟೋವೂ ತೆವಳಿ ತಲುಪಿದಾಗ ಏಳೂ ನಲವತ್ತು. ಹಾಸಿಗೆ ಹೋಗಿತ್ತು. ನರ್ಸ್ ಬೈದಳು, ಬೈದು ಫ್ಯಾನಿನ ಕೆಳಗೆ ಒಂದು ಕುರ್ಚಿ ಹುಡುಕಿ ಕೊಟ್ಟಳು. ಮಧ್ಯಾಹ್ನ ಒಂದಕ್ಕೆ ಜಾಗವಾಗಬಹುದು ಎಂದಳು. ಹತ್ತರ ಹೊತ್ತಿಗೆ ಅತ್ತೆಯವರ ಪಾದ ಊದಿ ಚಪ್ಪಲಿಯ ಪಟ್ಟಿ ಒಳಗೆ ಹೂತಿತ್ತು. ಹನ್ನೊಂದಕ್ಕೆ ಉಸಿರು ಮೇಲೆ ಮೇಲೆ ಬರತೊಡಗಿತು. ಆಮ್ಲಜನಕ ಕೊಟ್ಟರು. ಮೂಗಿಗೆ ಕೊಳವೆ ಇಟ್ಟುಕೊಂಡೇ ಅವರು ನನ್ನ ಕಡೆ ಕೈ ಆಡಿಸಿ, ತಿಂಡಿ ತಿಂದು ಬಾ ಎಂದು ಸನ್ನೆ ಮಾಡಿದರು. ಹೋಗಲಿಲ್ಲ. ಗೋಡೆಗೆ ಒರಗಿ ಸಹಸ್ರನಾಮ ಹೇಳಲು ಹೊರಟೆ. ಎಲ್ಲೋ ಒಂದು ನಾಮ ತಪ್ಪಿ, ಮತ್ತೆ ಮೊದಲಿನಿಂದ ಹೇಳಿ, ಮತ್ತೆ ಅಲ್ಲೇ ತಪ್ಪಿದೆ. ಒಂದೂ ಕಾಲಿಗೆ ಹಾಸಿಗೆ ಸಿಕ್ಕಿತು. ಸಂಜೆಗೆ ಉಸಿರು ಸರಿಯಾಯಿತು. ಅಷ್ಟು ಕೊಟ್ಟ ದೇವರಿಗೆ ಅಂದು ನಮಸ್ಕಾರ ಹೇಳಲು ನನಗೆ ಮುಖವಿರಲಿಲ್ಲ.

ನಮ್ಮವರು ಬಂದವರೇ ಮಗಳನ್ನು ಕೇಳಿದರು, ಬುಧವಾರ ಪ್ಲಗ್ ಹಾಕಿದೆಯಾ ಎಂದು. ಹಾಕಿದೆ, ಹಸಿರು ಬಂದದ್ದನ್ನು ನೋಡಿಯೇ ಹೋದೆ ಎಂದಳು. ಅದು ನಿಜ. ಬೋರ್ಡು ಟ್ರಿಪ್ ಆದರೆ ಕೆಳಗೆ ಚಾರ್ಜರ್ ನಿಂತುಬಿಡುತ್ತದೆ ಎನ್ನುವುದು ನಮ್ಮವರಿಗೆ ಗೊತ್ತಿರಲಿಲ್ಲ. ಹಾಗಾದರೆ ಇಡೀ ದಿನ ಚಾರ್ಜ್ ಹಾಕಿಯೂ ಒಂಬತ್ತು ಕಿಲೋಮೀಟರ್ ಓಡದ ಬ್ಯಾಟರಿ ಇದು ಎಂದು ಅವರು ತೀರ್ಮಾನ ಮಾಡಿದರು. ಆ ಕ್ಷಣದಲ್ಲಿ ಮಾತಾಡಬೇಕಿತ್ತು. ನಾನು ಅತ್ತೆಯವರ ಗಂಜಿ ಆರಿಸುತ್ತಿದ್ದೆ, ಆರಿಸುತ್ತಲೇ ಇದ್ದೆ.

ಸರ್ವಿಸಿನವರು ಕಾರನ್ನು ಎತ್ತಿಕೊಂಡು ಹೋದರು. ಶನಿವಾರ ಆಟೋದಲ್ಲಿ ಹೋದೆವು. ಒಂದೊಂದು ಗುಂಡಿಗೂ ಅತ್ತೆ ಸೂಜಿಯ ಕೈಯನ್ನು ಇನ್ನೊಂದು ಕೈಯಲ್ಲಿ ಎತ್ತಿ ಹಿಡಿದುಕೊಳ್ಳುತ್ತಿದ್ದರು. ಬರುವಾಗ ಎರಡು ಸಲ ನಿಲ್ಲಿಸಿ ವಾಂತಿ ಮಾಡಿಸಿದೆ. ಸೋಮವಾರ ಸರ್ವಿಸಿನವರ ಫೋನ್ ಬಂತು. ಎರಡು ಸಲ ಪೂರ್ತಿ ತುಂಬಿಸಿ ಖಾಲಿ ಮಾಡಿ ನೋಡಿದೆವು, ವಯಸ್ಸಿಗೆ ತಕ್ಕ ಹಾಗೆ ಬ್ಯಾಟರಿ ಚೆನ್ನಾಗಿಯೇ ಇದೆ, ಗಾಡಿಗೆ ಚಾರ್ಜ್ ಹಾಕಿರಲಿಲ್ಲ ಅಷ್ಟೆ ಎಂದರಂತೆ. ನಮ್ಮವರಿಗೆ ರೇಗಿತು. ನನ್ನ ಮಗಳೇ ಹಾಕಿದ್ದು, ನೀವು ಅವಳನ್ನು ಸುಳ್ಳಿ ಎನ್ನುತ್ತೀರಾ ಎಂದು ಆ ಹುಡುಗಿಯನ್ನು, ಫೋನ್ ಮಾಡಿದವಳು ಒಬ್ಬ ಹುಡುಗಿ, ಬಾಯಿಗೆ ಬಂದಂತೆ ಅಂದರು. ಹೆಂಗಸರ ಮುಂದೆ ದನಿ ಎತ್ತುವವರಲ್ಲ ಅವರು. ನಾನು ಪಕ್ಕದಲ್ಲೇ ನಿಂತು ಬತ್ತಿ ಹೊಸೆಯುತ್ತಿದ್ದೆ. ಫೋನ್ ಇಟ್ಟು, "ಮಾರಿಬಿಡೋಣ. ಭಾನುವಾರ ಒಬ್ಬರು ನೋಡಕ್ಕೆ ಬರ್ತಾರೆ" ಎಂದರು. ಮಗಳು ಎದುರಾಡಲಿಲ್ಲ. ಎದುರಾಡದ ಮಗಳನ್ನು ನಾನು ಅದೇ ಮೊದಲು ನೋಡಿದ್ದು.

ಅಂದು ದೇವರ ಮುಂದೆ ದೀಪ ಹಚ್ಚಿ ಸಹಸ್ರನಾಮ ಹೇಳಿದೆ, ಒಂದು ನಾಮವೂ ತಪ್ಪಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು. ಐದೇ ದಿನಕ್ಕೆ ಅಭ್ಯಾಸವಾಗಿಬಿಟ್ಟಿತ್ತು.

ಮಂಗಳವಾರ ಮತ್ತೆ ಆಟೋ, ಮತ್ತೆ ವಾಂತಿ. ಸಂಜೆ ಅತ್ತೆ ಮಂಚದ ಮೇಲೆ ಒರಗಿದ್ದರು. ಮಗಳು ಅವರ ಕಾಲ ಬುಡದಲ್ಲಿ ಕೂತು ಪಾದ ಒತ್ತುತ್ತಿದ್ದಳು. ನಮ್ಮವರು ಪಕ್ಕದ ಕುರ್ಚಿಯಲ್ಲಿ ಪೇಪರ್ ಹಿಡಿದಿದ್ದರು. ನಾನು ಮಂಗಳಾರತಿ ಕೊಡಲು ಒಳಗೆ ಬಂದೆ. ಮಗಳು ತಲೆ ತಗ್ಗಿಸಿಕೊಂಡು, "ಎಲ್ಲಾಂ ಎನ್ನಾಲೆ ದಾನ್ ಪಾಟಿ" ಎಂದಳು. ಎಲ್ಲ ತನ್ನಿಂದಲೇ ಆದದ್ದಂತೆ. ಅಪ್ಪ ಹೇಳಿದ ಗ್ಯಾಸ್ ಕಾರನ್ನೇ ಕೊಂಡಿದ್ದರೆ ನಿಮಗೆ ಹೀಗಾಗುತ್ತಿರಲಿಲ್ಲ, ನಾನು ಓದಿದ್ದೆಲ್ಲ ದಂಡ ಎಂದು ಅಳತೊಡಗಿದಳು.

ಆರತಿ ತಟ್ಟೆ ಕೈಯಲ್ಲಿತ್ತು. ಅದನ್ನು ಕೆಳಗಿಡಲೂ ಇಲ್ಲ. "ಬುಧವಾರ ಹತ್ತೂವರೆಗೇ ಚಾರ್ಜ್ ನಿಂತುಹೋಗಿತ್ತು. ಕೆಂಪು ದೀಪ ನಾನು ನೋಡಿದ್ದೆ. ಮಡೀಲಿದ್ದೆ, ಇಳಿದು ಹೋಗಿ ಹಾಕ್ಲಿಲ್ಲ. ಬೆಳಿಗ್ಗೆ ಎಂಟೇ ಪರ್ಸೆಂಟ್ ಇದ್ದದ್ದೂ ಗೊತ್ತಿತ್ತು" ಎಂದೆ. ಉಳಿದದ್ದನ್ನೂ ಹೇಳಿದೆ, ಮಲಗಿದ್ದು, ಬೀಗ, ಎಲ್ಲ. ಎಲ್ಲ ಸೇರಿ ಎರಡು ನಿಮಿಷವೂ ಆಗಿರಲಿಲ್ಲ. ಐದಾರು ದಿನ ಹೊತ್ತದ್ದು ಅಷ್ಟೇ ಇತ್ತು.

ನಮ್ಮವರು ಪೇಪರ್ ಮಡಿಸಿದರು. ಬೈಯುತ್ತಾರೆ ಎಂದು ಕಾದೆ. "ಆ ಹುಡುಗೀನ ಅಷ್ಟು ಬೈದೆನಲ್ಲೇ" ಎಂದರು, ಅಷ್ಟೆ. ಮಗಳು ಎದ್ದು ನಿಂತು ನನ್ನ ಮುಖ ನೋಡಿದಳು. ಎಷ್ಟೋ ವರ್ಷಗಳ ಮೇಲೆ ನನ್ನ ಹತ್ತಿರ ಕನ್ನಡದಲ್ಲಿ ಮಾತಾಡಿದಳು, ಸಣ್ಣ ಮಗುವಿನ ಹಾಗೆ ತಡೆತಡೆದು: "ಇಷ್ಟು ದಿನ ನಾನು ಅಳ್ತಾ ಇದ್ದೆ ಅಮ್ಮ. ನೀನು ನೋಡ್ತಾ ಇದ್ದೆ." ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಆರತಿ ಆರಿತ್ತು. ಅತ್ತೆ, "ನೀನು ಮಡೀಲಿದ್ದೆ, ಸರಿ. ನಾನು ಇರ್ಲಿಲ್ಲವಲ್ಲ" ಎಂದರು.

ನನಗೆ ತಕ್ಷಣ ಅರ್ಥವಾಗಲಿಲ್ಲ.

"ಎರಡು ಸಲ ಬಂದು ಕೇಳ್ದೆ, ಏನಾದ್ರೂ ಮಾಡ್ಲಾ ಅಂತ. ನನ್ನ ಗಂಡನ ತಿಥಿ ಕಣೆ ಅದು. ಆಸ್ಪತ್ರೆಗೆ ಹೋಗಕ್ಕೆ ಇಳಿಯೋ ಮೆಟ್ಟಿಲು ತಾನೆ, ಇಳಿದು ಹಾಕಿ ಬರ್ತಿದ್ದೆ. ಕೂತಿರಿ ಅಂದೆ."

ಸಾಯುವ ಹಾಗಾದದ್ದಕ್ಕೆ ಅವರು ಬೇಸರಪಟ್ಟುಕೊಳ್ಳಲಿಲ್ಲ. ಕುರ್ಚಿಯಲ್ಲಿ ಕೂರಿಸಿದ್ದಕ್ಕೆ ಪಟ್ಟುಕೊಂಡರು. ಕೆಂಪು ದೀಪ ನೋಡಿದ ಆ ಮೂರು ಸಲವೂ ಮನೆಯಲ್ಲಿ ಮಡಿಯಿಲ್ಲದ ಎರಡು ಕೈಗಳಿವೆ ಎಂದು ನನಗೆ ಹೊಳೆದೇ ಇರಲಿಲ್ಲ. ಮಡಿ ನನ್ನನ್ನು ತಡೆಯಿತು ಎಂದು ನಾನು ಒಳಗೊಳಗೇ ಹೇಳಿಕೊಳ್ಳುತ್ತಿದ್ದ ಸಮಾಧಾನವೂ ಅವತ್ತಿಗೆ ಹೋಯಿತು.

ಮರುದಿನ ಸರ್ವಿಸಿನ ಆ ಹುಡುಗಿಗೆ ನಾನೇ ಫೋನ್ ಮಾಡಿದೆ. ತಪ್ಪು ನನ್ನದು, ನಮ್ಮವರಿಗೆ ಗೊತ್ತಿರಲಿಲ್ಲ ಎಂದು ನನಗೆ ಬರುವ ತಮಿಳಿನಲ್ಲಿ ಹೇಳಿದೆ. ಅವಳು, ಪರವಾಗಿಲ್ಲ ಮಾಮಿ, ಬಹಳ ಜನ ಹೀಗೇ ಹೇಳುತ್ತಾರೆ, ಆದರೆ ಯಾರೂ ತಿರುಗಿ ಫೋನ್ ಮಾಡುವುದಿಲ್ಲ ಎಂದಳು. ಆ ಮಾತಿನಿಂದ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಭಾನುವಾರ ಬರುವವರನ್ನು ನಮ್ಮವರು ಬೇಡ ಎಂದರು. ಕಾರು ವಾಪಸು ಬಂತು. ಮೊದಲ ದಿನವೇ ಅತ್ತೆ ಹಿಂದಿನ ಸೀಟಿನಲ್ಲಿ ನಿದ್ದೆ ಹೋದರು. ಮಗಳು ನನ್ನ ಜೊತೆ ಮಾತಾಡಲು ಎರಡು ವಾರ ಬೇಕಾಯಿತು. ಈಗ ಮಾತಾಡುತ್ತಾಳೆ, ತಮಿಳಿನಲ್ಲಿ.

ಕರೆಂಟಿನ ಕಾರು ಸರಿಯೇ ಎಂದು ಆಸ್ಪತ್ರೆಯಲ್ಲಿ ಕಾಯುವವರು ಕೆಲವರು ನನ್ನನ್ನು ಕೇಳುತ್ತಾರೆ. ಸೂಜಿಯ ಕೈಗೆ ಇದರಷ್ಟು ಮೆತ್ತಗಿನ ಗಾಡಿ ಇಲ್ಲ ಎನ್ನುತ್ತೇನೆ. ಪ್ಲಗ್ಗು ನಿಮ್ಮ ಕೈಗೆ ಸಿಗುವ ಕಡೆ ಇದೆಯೇ, ಕರೆಂಟು ಹೋಗಿ ಬಂದರೆ ನೋಡುವವರಿದ್ದಾರೆಯೇ ಎಂದು ಮೊದಲು ನೋಡಿಕೊಳ್ಳಿ ಎನ್ನುತ್ತೇನೆ. ಕಲ್ಲಿದ್ದಲಿನ ವಿಷಯದಲ್ಲಿ ನಮ್ಮವರು ಹೇಳುವುದನ್ನೂ ಹೇಳುತ್ತೇನೆ. ಆ ಹೊಗೆ ಹೋಗುವ ಬೀದಿ ರಾಯಪುರದ ಆ ಆಟೋದವನದೇ ಇರಬಹುದು.

ಹೋದ ಅಮಾವಾಸ್ಯೆ ಬುಧವಾರ ಬಿತ್ತು. ಮನೆಯಲ್ಲಿ ತರ್ಪಣ, ನಾನು ಮಡಿಯಲ್ಲಿದ್ದೆ. ಹತ್ತಾಗುತ್ತಲೇ ಅತ್ತೆ ಕೋಲು ಹಿಡಿದು ಮೆಟ್ಟಿಲಿಳಿದರು. ಈಗ ಪ್ಲಗ್ಗಿನ ಕೆಲಸ ಅವರದು, ಬೇರೆ ಯಾರನ್ನೂ ಮುಟ್ಟಗೊಡುವುದಿಲ್ಲ. ವಾಚ್‌ಮನ್‌ಗೂ ಶಾಕಿನ ಭಯ ಬಿಡಿಸುತ್ತೇನೆ ಎಂದು ದಿನಾ ಅವನನ್ನು ಅಣಕಿಸುತ್ತಾರೆ. ಅವರಿಗೆ ಕಣ್ಣಿನಲ್ಲಿ ಪೊರೆ, ಆ ಸಣ್ಣ ದೀಪದ ಬಣ್ಣ ತಿಳಿಯುವುದಿಲ್ಲ. ಪ್ಲಗ್ ಒತ್ತಿ, ಒಂದು ಕೈ ಕಾರಿನ ಮೇಲಿಟ್ಟು, ಮುಖ ಎತ್ತಿ ಬಾಲ್ಕನಿಯ ಕಡೆ ನೋಡಿದರು.

"ಹಸಿರು ಬಂತೇನೆ?"

"ಬಂತು ಅತ್ತೆ."

"ನಿಜ ತಾನೆ?"

ಅವರು ಪ್ರತಿಸಲವೂ ಹೀಗೆಯೇ ಕೇಳುತ್ತಾರೆ. ಅವರ ಬಾಯಲ್ಲಿ ಅದು ಬರೀ ವಾಡಿಕೆಯ ಮಾತು. ನಾನು ಪ್ರತಿಸಲವೂ ಕಂಬಿಯ ಮೇಲೆ ಬಗ್ಗಿ ಇನ್ನೊಮ್ಮೆ ನೋಡಿ, ಆಮೇಲೆ ನಿಜ ಎನ್ನುತ್ತೇನೆ.